ನೆಲದ ಪಾಲು

ಸದಾಶಿವಗಡದ ಚಿರೆಕಲ್ಲ ಮೇಲೆ ನಿಲ್ಲಿಸಿದ್ದೆ ಮೊದಲು,
ಗಾಳದ ಕೋಲಿಗೆ ಸುತ್ತಿದ ತಾಮ್ರ, ಹದಿನೇಳಡಿ.
ಮೀಟರಿನ ಸೂಜಿ ಒಂದರ ಮೇಲೇ ಮಲಗಿತು.
ಏನು ಹೊಂದಿಕೆ! ಬೀಗಿದೆ.
ಮೂರು ರಾತ್ರಿ ಕರೆದೆ. ಒಬ್ಬನೂ ಓಗೊಡಲಿಲ್ಲ.

ಕಲ್ಲು ಕುಡಿದಿತ್ತು ಎಲ್ಲ,
ಕೊಟ್ಟದ್ದರಲ್ಲಿ ಮೈ ಕಾಯಿಸಿಕೊಂಡು
ತೆಪ್ಪಗೆ ಕೂತಿತ್ತು, ಕೈಗಡ ಮರೆತ ಷಡ್ಡಕನ ಹಾಗೆ.

ಇವತ್ತು ಇಳಿತ. ಕಾಳಿಯ ಅಳಿವೆಯ ಕೆಸರಲ್ಲಿ
ಮೊಣಕಾಲವರೆಗೆ ಹೂತು,
ಎಂಟು ತಂತಿ ಹಾಸಿದೆ, ಏಡಿ ಕಾಲು ಚಾಚಿದಂತೆ.
ಸೂಜಿ ಒಂದೂವರೆಗೆ ಏರಿತು. ಕೆಟ್ಟಿತೇ?
ಬಳಚು ಆರಿಸುತ್ತಿದ್ದ ಶೇವಂತಿ ಹರಿಕಂತ್ರ
ತಂತಿ ತುಳಿದಳು; ಸೂಜಿ ಬೆಚ್ಚಿತು.
"ಎಂತದು ಮಾರಾಯ, ಮೀನು ಬೀಳ್ತದೆಯ?"

ಕೆಮ್ಮಿನ ಔಷಧಿ ಬಾಟಲಿಗೆ ಸುತ್ತಿದ ಸುರುಳಿ,
ಐದನೇ ಸುತ್ತಿಗೆ ಕ್ಲಿಪ್ಪು. ಬೇಡ, ನಾಲ್ಕಕ್ಕೆ.
ಮತ್ತೆ ಒಂದಕ್ಕಿಳಿಯಿತು.
ಈ ಒಂದು ಆ ಒಂದಲ್ಲ.

ಕೀ ಒತ್ತಿದೆ. ಟಕ್ಕು ಟಕ್ಕಿನ ನಡುವೆ
ಸಮುದ್ರ.
ಯಾರೋ, ಮಾರಿಷಸ್ ಕಡೆಯವ, ತೆಳ್ಳಗೆ
ನನ್ನ ಕಾಲ್‌ಸೈನ್ ತಿರುಗಿ ಬಡಿದ,
ಒಂದು ಚುಕ್ಕೆ ಕಡಿಮೆ.

ತಿದ್ದುವಷ್ಟರಲ್ಲಿ ಭರತಿ.
ಶೇವಂತಿ ಬುಟ್ಟಿ ತಲೆಗಿಟ್ಟು ಕೂಗಿದಳು:
"ತಂತಿ ಸುತ್ತು, ನೀರು ಬಂತು!"
ಬ್ಯಾಟರಿ ಹೆಗಲಿಗೇರಿತು.
ಇನ್ನೊಂದು ಕೈ ಆ ಚುಕ್ಕೆಯನ್ನೇ ಒತ್ತುತ್ತಿತ್ತು.