ಅರೆಮಾತ್ರೆ ತಡ

ಕೋಡಿಬಾಗದ ಲಿಗೋರಜ್ಜ ಮುಂಬಯಿಯಿಂದ ತಂದದ್ದು
ಒಂದು ಟ್ರಂಪೆಟ್ಟು, ಎರಡು ಬಿಳೀ ಕೋಟು,
ಮೇಲೊಂದು ಕೆಮ್ಮು.
ಟ್ರಂಪೆಟ್ಟಿನ ಬಾಯಿಗೆ ಒತ್ತುವ ತಗಡಿನ ಬಿರಡೆ
ಹೋಟೆಲಿನವರದಂತೆ, ಅಲ್ಲೇ ಉಳಿಯಿತು.
ಇಲ್ಲಿ ತೆಂಗಿನ ಕರಟ ಸಾಕಾಯಿತು.

ಸಂಜೆ ಕರಟ ಒತ್ತಿ ಊದಿದರೆ
ಕಾಳಿ ನದಿ ಮೂಗಿನಿಂದ ಮಾತಾಡಿದ ಹಾಗೆ.
ಪಕ್ಕದ ಮನೆಯ ಹಾರ್ಮೋನಿಯಂ ಮಾಸ್ತರು ಬೇಲಿಯಾಚೆಯಿಂದ:
"ಇದು ಯಾವ ಗಾಂಧಾರವೋ ಲಿಗೋರ್,
ಕೋಮಲವೂ ಅಲ್ಲ, ಶುದ್ಧವೂ ಅಲ್ಲ?"
"ನಡುವೆ ಒಂದು ಓಣಿ ಇದೆ ಮಾಸ್ತರೆ.
ನಿಮ್ಮ ಪೆಟ್ಟಿಗೆ ಅದರಲ್ಲಿ ಹಿಡಿಸುವುದಿಲ್ಲ."

ಅಪ್ಪನಿಗೆ ಅದು ಹೊಟ್ಟೆಗಾಗದ ಗಾಳಿ.
ಕರಟವನ್ನು ಒಲೆಗೆ ಹಾಕಿ, ಖಾಕಿ ತೊಟ್ಟು
ಅಂಕೋಲೆ ಬಸ್ಸಿನ ಕಂಡಕ್ಟರಾದ.

ನಾನು ಕವಿತೆ ಬರೆಯತೊಡಗಿದ್ದು ಒಂಬತ್ತನೇ ಇಯತ್ತೆಯಲ್ಲಿ.
ಅಜ್ಜನದು ಜಾಜ್ ಎಂದರೆ
ಜಾಜಿಯೇ, ಎಂದು ಕೇಳಿದ್ದರು ಕನ್ನಡ ಮಾಸ್ತರು.
ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ;
ನನ್ನ ಸಾಲುಗಳು ಯೂನಿಫಾರ್ಮು ತೊಟ್ಟು
ನಾಲ್ಕು ನಾಲ್ಕಾಗಿ ನಿಲ್ಲುತ್ತಿದ್ದವು.
ಓದಿಸಿ ಕೇಳಿದ ಅಜ್ಜ, ಕಣ್ಣು ಮುಚ್ಚಿ:
"ಎಲ್ಲ ಹೊತ್ತಿಗೆ ಸರಿಯಾಗಿ ಬಂದಿದ್ದಾವೆ, ಪಾಪ.
ಒಂದಾದರೂ ತಡವಾಗಿ ಬರಲಿ,
ಜನ ಬಾಗಿಲತ್ತ ನೋಡುವುದು ಆಗಲೇ."

ತಿಳಿಯಲಿಲ್ಲ ನನಗೆ.
ತಿಳಿದದ್ದು ಬಿಣಗಾ ಘಾಟಿಯಲ್ಲಿ.
ಮೀನುಬುಟ್ಟಿಗಳ ನಡುವೆ ನುಸುಳುತ್ತ ಅಪ್ಪ
ಟಿಕೆಟ್ ಪಂಚಿನಿಂದ ಕಂಬಿಗೆ ಬಡಿಯುತ್ತಿದ್ದ
ಟಕ್ ಟಕ, ಟಕ್ ಟಕ,
ತಿರುವಿನಲ್ಲಿ ಬಸ್ಸು ವಾಲಿ
ಎಲ್ಲರ ಹೊಟ್ಟೆಯೂ ಒಂದು ಬದಿಗೆ ಜರುಗಿ
ಇನ್ನೇನು ಮರಳಬೇಕು ಎನ್ನುವಾಗ
                    ಟಕ್.

ಸುಟ್ಟ ಕರಟ ಅವನ ಮಣಿಕಟ್ಟಿನಲ್ಲಿತ್ತು.
ಅವನಿಗೆ ಗೊತ್ತಿಲ್ಲವೆಂದುಕೊಂಡೆ.
ಹೇಳಿದರೆ ನಿಲ್ಲಿಸಿಯಾನೆಂದು ಹೇಳಲಿಲ್ಲ.
ಚೆಂಡಿಯಾ ಬರುವುದರೊಳಗೆ ಟಿಕೆಟ್ಟಿನ ಬೆನ್ನಿಗೆ
ಮೂರು ಸಾಲು ಬರೆದೆ.
ಮೂರನೆಯದಕ್ಕೆ ಕಾದೆ, ಅದು ಅಮದಳ್ಳಿಯಲ್ಲೇ ಇಳಿದುಹೋಗಿತ್ತೇನೋ,
ಮರುದಿನ ಬಂತು.

ಈಗ ಬಸ್ಸಿನಲ್ಲಿ ಮಶಿನ್ನು ಕರ್ರೆಂದು ಕಾಗದ ಉಗುಳುತ್ತದೆ.
ಪಂಚು ನನ್ನ ಮಗಳು ಎಲ್ವಿಟಾಳ ಆಟಿಕೆ.
ನಿನ್ನೆ ಹೊಸ ಕವಿತೆಯ ಹಾಳೆಗೆ
ಸಿಕ್ಕಸಿಕ್ಕಲ್ಲಿ ತೂತು ಹೊಡೆದಿದ್ದಾಳೆ.
ಬೈಯಲು ಬಾಯಿ ತೆರೆದೆ. ಅಪ್ಪ
ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು
ಅತ್ತಿತ್ತ ತಿರುಗಿಸಿ, ನನಗೆ ಕೊಟ್ಟ.
"ಓದು."

ಓದಿದೆ. ತೂತು ಬಂದಲ್ಲಿ
ಶಬ್ದವಿಲ್ಲದೆ ನಿಂತೆ.
ಅವನ ಬೆರಳಿನ ಉಂಗುರ ಕುರ್ಚಿಯ ಕೈಗೆ
ತಾಗಲಿಲ್ಲ, ತಾಗಲಿಲ್ಲ,
                    ಟಕ್.