ಮಾರ್ಜಿನ್ನಿನಲ್ಲಿ ಬರೆದದ್ದು

ಆರಿಕ್ಕಾಡಿಯ ವಾಚನಾಲಯದಲ್ಲಿ ಮೂರೇ ಬೆಂಚು.
ಬಂದವರು, ನನ್ನನ್ನೂ ಸೇರಿಸಿ, ಇಪ್ಪತ್ತೇಳು.
ಎಣಿಸುವುದು ಬೀಡಿಯ ಅಭ್ಯಾಸ:
ಇಪ್ಪತ್ತೈದಕ್ಕೆ ಒಂದು ಕಟ್ಟು,
ಉಳಿದ ಇಬ್ಬರು ಬಾಗಿಲ ಹೊರಗೆ ನಿಂತಿದ್ದರು.

ದಿಲ್ಲಿಯಿಂದ ಕಾಗದ ಬಂದಿತ್ತು.
ದೇಶಕ್ಕೆಲ್ಲ ಒಂದೇ ಪಿಂಚಣಿ ಮಾಡುತ್ತೇವೆ,
ನಿಮ್ಮದೇನು ಅಭಿಪ್ರಾಯ, ತಿಂಗಳೊಳಗೆ ತಿಳಿಸಿ.
ಇಂಗ್ಲಿಷನ್ನು ಕುಂಞಿರಾಮ ಮಾಸ್ತರು ಮಲಯಾಳದಲ್ಲಿ ಹೇಳಿದರು,
ನಾನು ಕನ್ನಡಕ್ಕೆ ತಂದೆ, ಅವ್ವಮ್ಮ ಬ್ಯಾರಿಗೆ,
ಕೊರಪೊಳು ತುಳುವಿಗೆ ಇಳಿಸುವಷ್ಟರಲ್ಲಿ
ಅರುವತ್ತು ವರ್ಷ ಎಂಬುದು ಹೇಗೋ ಐವತ್ತೆಂಟಾಗಿತ್ತು.
ಯಾರೂ ತಿದ್ದಲಿಲ್ಲ.

ಜಗಳ ಶುರುವಾದದ್ದೂ ಅಲ್ಲಿಂದಲೇ.
"ಕಣ್ಣಿಗೆ ಐವತ್ತು, ಸೊಂಟಕ್ಕೆ ಎಪ್ಪತ್ತು,
ರೇಷನ್ ಕಾರ್ಡಿಗೆ ನಲವತ್ತಾರು.
ಯಾವುದಕ್ಕೆ ಕೊಡ್ತಾರಂತೆ?" ಕೊರಪೊಳು ಕೇಳಿದಳು.
ಕೊಯಿಪ್ಪಾಡಿ ಕಡಪ್ಪುರದ ಸೋಮಪ್ಪ ಬಂಗೇರರು ಎದ್ದರು:
"ಮಾಲಕನ ಪಾಲು ಮಾಲಕನೇ ಕಟ್ಟಬೇಕು, ಸರಿ.
ನನ್ನ ಮಾಲಕ ಕಡಲು.
ನೋಟೀಸು ಯಾರು ಕೊಂಡುಹೋಗಿ ಕೊಡುವುದು?"
ಎಲ್ಲ ನಕ್ಕರು. ಕುಂಬಳೆ ಪೇಟೆಯ
ಬಟ್ಟೆ ಅಂಗಡಿಯ ರಶ್ಮಿತ ನಗಲಿಲ್ಲ.
"ನನ್ನ ಸಂಬಳದಿಂದ ಈಗಲೇ ಹಿಡೀಲಿ ಅಂತೀರಿ.
ನಾನು ಮುದುಕಿಯಾಗುವಾಗ ಯಾರ ಸಂಬಳ ಇರ್ತದೆ?
ನಿಮ್ಮ ಬೀಡಿ ಡಿಪ್ಪೋ ಆಗಲೇ ಮೊಬೈಲ್ ಅಂಗಡಿ."
ಅವಳು ಹೇಳಿದ್ದು ಸರಿ.
ಅದಕ್ಕೇ ಎಲ್ಲರಿಗೂ ಸಿಟ್ಟು ಬಂತು.

ಅವ್ವಮ್ಮ ಬೆರಳು ಚಾಚಿ ತೋರಿಸಿದಳು.
ಜೀವ ಇದೆಯೆಂದು ಸಾಬೀತು ಮಾಡಲು
ಹೋದ ವರ್ಷ ಅಕ್ಷಯ ಕೇಂದ್ರಕ್ಕೆ ಹೋದರೆ
ಯಂತ್ರಕ್ಕೆ ಅವಳ ಗೆರೆ ಸಿಗಲಿಲ್ಲ.
ನಲವತ್ತು ವರ್ಷದ ಎಲೆ ಎಲ್ಲ ಒರೆಸಿತ್ತು.
ಎಣ್ಣೆ ಹಚ್ಚಿಕೊಂಡು ನಾಳೆ ಬನ್ನಿ ಎಂದನಂತೆ ಹುಡುಗ.

ಗಂಟೆ ಒಂಬತ್ತೂವರೆ. ನಾನು ಬರೆದದ್ದು
ತಾರೀಕು, ಮತ್ತೆ "ಮಾನ್ಯರೇ".
ಸಾವಿರ ಸಾಲದು, ಒಪ್ಪಿಗೆ. ಎಷ್ಟು ಬೇಕು?
ಮೂರು ಸಾವಿರ. ಒಂಬತ್ತು. ಇಪ್ಪತ್ತು.
ಬಾಗಿಲ ಹೊರಗಿನ ಸಿರಾಜ್ "ಬಾಡಿಗೆ ತಪ್ಪಿತು ನನಗೆ"
ಎಂದು ರಿಕ್ಷಾ ಹತ್ತಿ ಹೋದ.

ಆಗ ನಾನು, ಬರೆಯಲಿಕ್ಕಷ್ಟೇ ಕೂತವಳು, ಬಾಯಿ ತೆರೆದೆ.
ಒಂಬತ್ತನೇ ವಯಸ್ಸಿಗೆ ಗೆರಸೆ ಹಿಡಿದೆ.
ಪಾಸುಬುಕ್ಕು ಅಮ್ಮನದು.
ದಿನಕ್ಕೆ ಸಾವಿರ ಬೀಡಿ ಅಮ್ಮನ ಹೆಸರಿಗೆ,
ಅದರಲ್ಲಿ ಮುನ್ನೂರು ನನ್ನ ಬೆರಳಿನದು.
ಹದಿನಾಲ್ಕು ವರ್ಷ.
ಅಮ್ಮ ಸತ್ತ ಮೇಲೆ ಆ ಬುಕ್ಕು ಮುಚ್ಚಿತು,
ಹೊಸ ಬುಕ್ಕಿನಲ್ಲಿ ನಾನು ಒಂದರಿಂದ ಶುರು.
ಆ ಹದಿನಾಲ್ಕು ಯಾರದು?

ಸ್ವಲ್ಪ ಹೊತ್ತು ಫ್ಯಾನಿನ ಸದ್ದು.
ಮತ್ತೆ ಕೊರಪೊಳು: ನನ್ನದು ಹನ್ನೊಂದು, ಅತ್ತೆಯ ಬುಕ್ಕಲ್ಲಿ.
ಬಂಗೇರರು: ಅಪ್ಪನ ದೋಣಿಯಲ್ಲಿ
ನೀರು ಮೊಗೆದು ಚೆಲ್ಲುತ್ತಿದ್ದೆ ಏಳು ವರ್ಷ, ಪಾಲಿಲ್ಲ.
ರಶ್ಮಿತ, ತಗ್ಗಿದ ದನಿಯಲ್ಲಿ: ಟ್ರೈನಿಂಗ್ ಅಂತ ಎರಡು ವರ್ಷ
ನನ್ನ ಹೆಸರೇ ಹಾಕಲಿಲ್ಲ ಅವರು.
ಮಾಸ್ತರು ಕನ್ನಡಕ ತೆಗೆದು ಒರೆಸಿದರು.
ಅವರಿಗೆ ಹಳೆಯ ಪಿಂಚಣಿ, ತಿಂಗಳು ತಪ್ಪದೆ ಬರುವಂಥದ್ದು;
ಇಷ್ಟು ಹೊತ್ತು ಸುಮ್ಮನಿದ್ದದ್ದು ಆ ನಾಚಿಕೆಗೆ.
"ನನ್ನ ಮನೆಯವಳು..." ಎಂದರು.
ಮುಂದೆ ಹೇಳಲಿಲ್ಲ.

ಬರಿ, ಎಂದರು ಎಲ್ಲರೂ, ನಾಲ್ಕು ಭಾಷೆಯಲ್ಲಿ.
ಹೆಸರು ಹಾಕಿದ ದಿನದಿಂದಲ್ಲ,
ಕೈ ಹಾಕಿದ ದಿನದಿಂದ ಎಣಿಸಿ.

ನಮೂನೆಯಲ್ಲಿ ಅದಕ್ಕೆ ಕಲಮು ಇರಲಿಲ್ಲ.
ವಯಸ್ಸಿನ ಕಲಮು ಖಾಲಿ, ಮೊತ್ತದ್ದೂ ಖಾಲಿ;
ಅದಕ್ಕಾಗಿ ಆದಿತ್ಯವಾರ ಮತ್ತೆ ಸೇರಿ ಜಗಳಾಡುವುದಿದೆ.
ಕಾಗದ ಅಡ್ಡ ತಿರುಗಿಸಿ
ಎಡಗಡೆಯ ಅಂಚಿನಲ್ಲಿ ಸಣ್ಣಕ್ಷರದಲ್ಲಿ ಬರೆದೆ.
"ಅಂಚಿನದ್ದನ್ನು ಅವರು ಓದಲಿಕ್ಕಿಲ್ಲ" ಮಾಸ್ತರೆಂದರು.
"ತಿರುಗಿಸಲಿ" ಎಂದು ಅವ್ವಮ್ಮ
ಹೆಬ್ಬೆಟ್ಟು ಒತ್ತಿದಳು.

ಗೆರೆಯಿಲ್ಲದ ಒಂದು ನೀಲಿ ಕಲೆ.
ಅದರ ಪಕ್ಕ ಬರೆದೆ: ಇದು ಅವ್ವಮ್ಮ.
ಸಾಕ್ಷಿ, ಇಪ್ಪತ್ತೈದು ಮಂದಿ.