ತೂತಿಗೆ ರೊಕ್ಕವಿಲ್ಲ

ಇಪ್ಪತ್ತೆರಡು ವರ್ಷ
ಕಾರವಾರದ ಕೋರ್ಟಿನೆದುರು, ಗಾಳಿಮರದ ಕೆಳಗೆ
ಅಫಿಡವಿಟ್ಟು ಹೊಡೆದ ಬೆರಳು ಇವು.
ಎಲ್ಲರ ಕೈಗೂ ಕಂಪ್ಯೂಟರು ಬಂದು ನನ್ನ ಸ್ಟೂಲು ಮಡಚಿದ ಮೇಲೆ
ಹಾರವಾಡದಲ್ಲಿ, ರೈಲು ಹಳಿಗೂ ಕಡಲಿಗೂ ನಡುವೆ
ಕೈತಾನನ ಎಂಟು ಗುಂಟೆ ಗೇಣಿಗೆ ಹಿಡಿದೆ.
ಬರೀ ಮರಳು.
ಮುಷ್ಟಿ ಬಿಗಿದರೆ ನಿಲ್ಲದು, ಬಿಟ್ಟರೆ ಅಂಟದು.

ಗದ್ದೆ ಕೊಯ್ಲು ಮುಗಿದ ಕಾರ್ತಿಕದಲ್ಲಿ
ಬುದವಂತಿ ಬಂದಳು, ಕೊರಳ ತುಂಬ ಮಣಿಸರ,
ಪಾಲಿಗೆ ಅರ್ಧ, ಮಾತಿಗೆ ಪೂರ್ತಿ.
"ಬೀಜ ಹಾಗೆ ಒತ್ತಬಾರದ್ರಾ,
ಅದೆಂತ ಸರ್ಕಾರಿ ಸಿಕ್ಕೆಯಾ?"
ಕಲಿತೆ: ಹರಿವೆಗೆ ಬೆರಳು, ಬದನೆಗೆ ಮೊಳ,
ಮೊಗೆಬಳ್ಳಿಗೆ ಮಾರು ಜಾಗ.
ಸಾಲಿನ ತುದಿ ಮುಟ್ಟಿದಾಗ ಕಿವಿ ತಾನಾಗಿ
ಟಿಣ್ ಎಂಬ ಸದ್ದಿಗೆ ಕಾಯುತ್ತಿತ್ತು.

ಬೇಲೇಕೇರಿಯಿಂದ ತಾರ್ಲೆ ಮೀನಿನ ತಲೆ, ಕರುಳು
ಬೆಲ್ಲದ ಜೊತೆ ಮಡಕೆಯಲ್ಲಿ ನಲವತ್ತು ದಿನ.
ಬಾಯಿ ಬಿಚ್ಚಿದ ದಿನ
ಕೇರಿಯ ಬೆಕ್ಕೆಲ್ಲ ಬೇಲಿಗೆ ಹಾಜರು;
ಅಂಕೋಲೆಯ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿ.
ರಾತ್ರಿ ಟಾರ್ಚು ಹಿಡಿದು ಹುಳ ಹೆಕ್ಕುವಾಗ
ಮತ್ಸ್ಯಗಂಧ ಎಕ್ಸ್‌ಪ್ರೆಸ್ಸು ದಾಟಿ ಹೋಗುತ್ತಿತ್ತು,
ನಮ್ಮಿಬ್ಬರ ಹೆಸರು ಹೊತ್ತುಕೊಂಡು.

ಇಲಾಖೆಯ ಹುಡುಗ ಫಾರ್ಮು ತುಂಬಿಸಿಕೊಂಡು ಹೋದ.
"ಎಂತದ್ರಾ ಅದು, ಸಾವಯವ?"
ಯೂರಿಯಾ ಹಾಕದ್ದು, ಎಂದೆ.
"ಹಾಕದ್ದಕ್ಕೂ ಹೆಸರಾ?
ನಾ ಚಪ್ಪಲಿ ಹಾಕೂದಿಲ್ಲ, ಅದಕ್ಕೆಂತ ಹೇಳ್ತಾರೆ?"
ಪೇಟೆಯಲ್ಲಿ ಬ್ಯಾಂಕಿನ ಅಮ್ಮ ಹರಿವೆಯ ಸೂಡಿ ಬಿಡಿಸಿ
ಬೆಳಕಿಗೆ ಹಿಡಿದು ನೋಡಿದಳು: "ಎಲೆ ತುಂಬ ತೂತು."
"ತೂತಿಗೆ ರೊಕ್ಕವಿಲ್ಲ. ಸೊಪ್ಪಿಗೆ ಮಾತ್ರ ಕೊಡಿ."
ಎರಡು ಸೂಡಿ ಹೋಯಿತು.

ಸುಗ್ಗಿ ಕುಣಿತ ಮುಗಿದ ಮರುವಾರ
ಬುದವಂತಿ ಕೊಡದಿಂದ ಬೊಗಸೆ ನೀರೆತ್ತಿ
ನಾಲಿಗೆಗೆ ಮುಟ್ಟಿಸಿ, ಉಗುಳದೆ, ನಿಂತಳು.
"ಇವತ್ತು ಸಾರಿಗೆ ಉಪ್ಪು ಬೇಡ."
ಅಷ್ಟೇ ಹೇಳಿದ್ದು.
ಯಾರ ಬೇಲಿಯನ್ನೂ ಮುರಿಯದೆ
ಕಡಲು ನೆಲದಡಿಯಿಂದ ನಡೆದು ಬಂದಿತ್ತು.
ಹರಿವೆಯ ಅಂಚು ಹಳೇ ಕಾರ್ಬನ್ ಹಾಳೆಯ ಹಾಗೆ ಸುರುಟಿತು.
ಬಸಳೆ ನಾಲ್ಕು ದಿನ ಜಾಸ್ತಿ ನಿಂತಿತು, ಬರೀ ಹಟಕ್ಕೆ.

ಹಳಿಯಾಚೆ ಹರಿಕಂತ್ರರ ಬಾವಿ ಇನ್ನೂ ಸಿಹಿ.
ದಿನಕ್ಕೆ ನಲವತ್ತು ಕೊಡ, ಸೊಂಟ ಹೇಳಿದ ಲೆಕ್ಕ.
ಎಲ್ಲಕ್ಕೂ ಸಾಲದು.
ಬದನೆಗೆ ಹೊಯ್ಯೋಣ, ಕಿಲೋಗೆ ಅರವತ್ತು ಇದೆ, ಎಂದೆ ನಾನು.
ಮೊಗೆಗೆ, ಎಂದಳು ಅವಳು. "ಬದನೆ ಈ ವರ್ಷದ್ದು."
ಮೂರು ದಿನ ಮಾತಿಲ್ಲ.
ಒಂದೇ ದಾರಿಯಲ್ಲಿ ಹಿಂದೆ ಮುಂದೆ ನಡೆದು
ಅವಳ ಕೊಡ ಅವಳ ಬಳ್ಳಿಗೆ, ನನ್ನದು ನನ್ನ ಗಿಡಕ್ಕೆ.
ನನ್ನ ಬದನೆ ಸತ್ತಿತು.
ಅವಳು ಆ ಬಗ್ಗೆ ಒಂದು ಮಾತೂ ಎತ್ತಲಿಲ್ಲ,
ಅದೇ ನನಗೆ ಸಿಟ್ಟು.

ಈಗ ಜೂನು. ಗೇಣಿ, ಬಸ್ಸು, ಬೆಲ್ಲ ಕಳೆದು
ಇಬ್ಬರಿಗೂ ಸೇರಿ ನಾಲ್ಕು ಸಾವಿರದ ನೂರಾ ಹತ್ತು.
ಮಾಡಿನ ಪಕಾಸಿಗೆ ಬಾಳೆನಾರಿನಲ್ಲಿ ಕಟ್ಟಿದ ಹನ್ನೊಂದು ಮೊಗೆಕಾಯಿ
ಗಾಳಿ ಬಂದಾಗ ಒಂದಕ್ಕೊಂದು ತಾಗದೆ ತೂಗುತ್ತವೆ.
ಹನ್ನೆರಡನೆಯದನ್ನು ಸೀಳಿ
ಬೀಜ ತೊಳೆದು, ಸೆಗಣಿಯಲ್ಲಿ ಕಲಸಿ
ನನ್ನ ಗೋಡೆಗೆ ಬಡಿದು ಹೋಗಿದ್ದಾಳೆ,
ಟೈಪಿನ ಮೆಷಿನ್ನು ಕೂತ ಮೇಜಿನ ಸರೀ ಮೇಲೆ,
ನಾಲ್ಕು ಸೊಟ್ಟ ಸಾಲು, ಮಾರ್ಜಿನ್ನು ಬಿಡದೆ.

ಬೆಳಿಗ್ಗೆ ನೋಡಿದರೆ ಮೂರನೇ ಸಾಲಿನಲ್ಲಿ ಒಂದು ಬೀಜ ಇಲ್ಲ.
ಇಲಿಯೋ, ಕಟ್ಟಿರುವೆಯೋ.
ತೂತಿಗೆ ರೊಕ್ಕವಿಲ್ಲ, ಎಂದೆ ಗೋಡೆಗೆ.
ಹೊರಗೆ ಮೊದಲ ಮಳೆ ನಿಂತ ಅಂಗಳದಲ್ಲಿ
ಬುದವಂತಿ ಬಾವಿಗೆ ಕೊಡ ಇಳಿಬಿಟ್ಟಳು,
ನೀರೆತ್ತಿ ನಾಲಿಗೆಗೆ ಮುಟ್ಟಿಸಿದಳು,
ಈ ಸಲ ಉಗುಳಿದಳು.
"ಇನ್ನೊಂದು ವಾರ," ಎಂದಳು.